ನಾಲ್ಕನೇ ನಂಬರಿನ ಕೋಲು

ಕೌಲ್ ಬಜಾರಿನಲ್ಲಿ ಖಾಸಿಂಪೀರನ ಪೂಲ್ ಅಂಗಡಿ,
ಜೀನ್ಸ್ ಗೋಡೌನಿನ ಮಾಳಿಗೆ ಮೇಲೆ.
ಮೆಟ್ಟಿಲು ಹತ್ತುವಾಗಲೇ ಕೇಳುತ್ತದೆ
ಮೇಲೆ ಚೆಂಡಿಗೆ ಚೆಂಡು ತಾಕುವ ಸದ್ದು,
ಕೆಳಗೆ ಓವರ್‌ಲಾಕ್ ಮಷೀನುಗಳ ಗರ್ರ್.
ಇರುವುದು ಒಂದೇ ಮೇಜು. ಅದೂ ಡೊಂಕು.

ಕಿಟಕಿ ಕಡೆಯ ಕಾಲಿಗೆ ಡೆನಿಮ್ ಚೂರು ಮಡಚಿಟ್ಟಿದ್ದಾನೆ,
ಆರು ಪದರ. ಆದರೂ ನಿಧಾನಕ್ಕೆ ಬಂದ ಚೆಂಡು
ಕೊನೇ ಗೇಣಿನಲ್ಲಿ ಮನಸ್ಸು ಬದಲಿಸುತ್ತದೆ,
ಉದ್ರಿ ಬಾಕಿಯವನು ಕಿರಾಣಿ ಅಂಗಡಿ ಕಂಡು
ರಸ್ತೆಯ ಆಚೆ ಬದಿಗೆ ಸರಿದ ಹಾಗೆ.

ಗೋಡೆಗೆ ಒರಗಿದ ಕೋಲು ಏಳು. ನನ್ನದು ನಾಲ್ಕು.
ತುದಿಯ ಚರ್ಮ ನಾಯಿಕೊಡೆಯಂತೆ ಅರಳಿದೆ.
ನಡುವೆ ಸಣ್ಣ ಬಾಗು,
ಯಾವುದೋ ಏಪ್ರಿಲ್ಲಿನಲ್ಲಿ ಯಾರೋ ತಗಡಿನ ಬದಿಗೆ ಮರೆತು ಹೋದದ್ದು.
ಬಾಗಿದ ಮಗ್ಗಲು ಬಲಕ್ಕೆ ಹಿಡಿದು
ಎರಡು ನೂಲು ಎಡಕ್ಕೆ ಗುರಿ ಇಟ್ಟರೆ
ಎಂಟನೇ ಕರಿ ಚೆಂಡು ಮೂಲೆಯ ಬಿಲಕ್ಕೆ ತಾನಾಗೇ ಇಳಿಯುತ್ತದೆ.
ಲೆಕ್ಕ ಅಲ್ಲ ಅದು. ಮೊಣಕೈಗೆ ಗೊತ್ತು, ನನಗೆ ಗೊತ್ತಿಲ್ಲ.
ಮೂರು ವರ್ಷ ಇಲ್ಲಿ ನನ್ನ ದುಡ್ಡಲ್ಲಿ
ಚಹಾ ಕುಡಿದದ್ದೇ ನೆನಪಿಲ್ಲ.

ರಾಯಚೂರಿನಲ್ಲಿ ಪಂದ್ಯ ಐತೆ ಅಂದ ಗಾದಿಲಿಂಗ.
ನಾಲ್ಕು ತಿಂಗಳ ಓಟಿ ಕೂಡಿಸಿ
ಹೈದರಾಬಾದಿನಿಂದ ತರಿಸಿದೆ ಹೊಸ ಕೋಲು:
ಎರಡು ತುಂಡು, ನಡುವೆ ಹಿತ್ತಾಳೆ ತಿರುಪು,
ಮಲಗಲು ಮೆತ್ತನೆ ಪೆಟ್ಟಿಗೆ.
ನನಗೇ ಇಲ್ಲ ಅಂಥ ಹಾಸಿಗೆ.
ನೆಲದ ಮೇಲೆ ಉರುಳಿಸಿದರೆ
ಕೂದಲೆಳೆಯಷ್ಟೂ ಕುಣಿಯದೆ ಉರುಳಿತು.

ಸ್ಟೇಷನ್ ರಸ್ತೆಯ ಆ ಹಾಲಿನಲ್ಲಿ ಏಸಿ.
ಮೇಜು ಎಷ್ಟು ಸಮ ಅಂದರೆ
ನೀರು ಚೆಲ್ಲಿದರೆ ಎತ್ತ ಹೋಗಲಿ ಅಂತ ಕೇಳಬೇಕು.
ಮೊದಲ ಹೊಡೆತ.
ಎರಡು ನೂಲು ಎಡಕ್ಕೆ ಹೋಯಿತು ಚೆಂಡು.
ನೇರ ಕೋಲು, ನೇರ ಮೇಜು,
ಡೊಂಕು ನಾನು.
ಇಲ್ಲದ ತಪ್ಪನ್ನು ತಿದ್ದುತ್ತಲೇ ಇತ್ತು ಕೈ.
ತಿದ್ದಬೇಡ ಅಂದೆ. ಬೈಸಿಕೊಂಡ ಎತ್ತಿನಂತೆ
ನಿಂತೇ ಬಿಟ್ಟಿತು.
ಎದುರಿಗಿದ್ದವನು ಮೀಸೆ ಬಾರದ ಹುಡುಗ, ತಾಯಣ್ಣ ಅಂತ.
ಇಪ್ಪತ್ತು ನಿಮಿಷಕ್ಕೆ ಮುಗಿಸಿ ಕೈ ಕುಲುಕಿದ:
"ಕೋಲು ಭಾಳ ಚೊಲೊ ಐತಣ್ಣ."

ರಾತ್ರಿ ಬಸ್ಸು. ಪೆಟ್ಟಿಗೆ ತೊಡೆ ಮೇಲೆ.
ಸಿಂಧನೂರು ಕಳೆದು ಹೊಳೆ ದಾಟುವ ತನಕ
ಗಾದಿಲಿಂಗ ಬಾಯಿ ಬಿಡಲಿಲ್ಲ,
ದಾಟಿದ ಮೇಲೆ ನಿದ್ದೆ ಹೋದ.

ಶೇಕಮ್ಮ ಆಡಿಕೊಳ್ಳಲಿಲ್ಲ.
ಯುನಿಟ್ಟಿನಲ್ಲಿ ಅವಳ ಹಳೇ ಮಷೀನು ಬಟ್ಟೆಯನ್ನು ಬಲಕ್ಕೆ ಎಳೆಯುತ್ತಿತ್ತು;
ಸೇಠು ಹೊಸದು ಕೂರಿಸಿದ ದಿನ
ಹದಿನೆಂಟು ಪ್ಯಾಂಟಿನ ಜೇಬು ಸೊಟ್ಟ ಹೊಲಿದಿದ್ದಳು.
"ಒಂಬತ್ತು ದಿನ ಹಿಡೀತು," ಅಂದಳು,
ತಣ್ಣಗಾದ ರೊಟ್ಟಿಯನ್ನು ಹಂಚಿನ ಮೇಲೆ ಬರಿಗೈಲಿ ತಿರುವುತ್ತ,
"ಹೊಸದು ಕಲಿಯಾಕ ಅಲ್ಲ. ಹಳೇದು ಮರೆಯಾಕ."

ಮುಂದಿನ ಶನಿವಾರ ತಾಯಣ್ಣ ಬಳ್ಳಾರಿಗೆ ಬಂದಿದ್ದ,
ಯಾರದೋ ಮದುವೆಗೆ. ಅಂಗಡಿ ಹುಡುಕಿಕೊಂಡು ಬಂದ, ತನ್ನ ಕೋಲಿನೊಂದಿಗೆ.
ಅವನ ಕರಿ ಚೆಂಡು ಕೊನೇ ಗೇಣಿನಲ್ಲಿ ಕಿಟಕಿ ಕಡೆ ಸರಿಯಿತು.
ಮತ್ತೊಮ್ಮೆ ಸರಿಯಿತು.
"ಮೇಜು ಡೊಂಕು ಐತಿ," ಅಂದ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!
ಇಡೀ ಅಂಗಡಿ ಗೊಳ್ಳೆಂದಿತು,
ಡೆನಿಮ್ ಚೂರು ಮಡಚಿಟ್ಟ ಖಾಸಿಂಪೀರನೂ.

ನನಗೆ ನಗು ಬರಲಿಲ್ಲ.
ನೆಲ ಡೊಂಕಿರುವುದು ನಿಜ.
ಡೊಂಕಿನಲ್ಲೇ ಕುಣಿಯಲು ಕಲಿತವಳು
ಸಮನೆಲದಲ್ಲಿ ಎಡವಿದ್ದಕ್ಕೆ
ಗಾದೆ ಯಾಕೆ ಇಲ್ಲವೋ.

ನಾಲ್ಕನೇ ಕೋಲು ಅವನ ಕೈಗಿಟ್ಟು
ಬಾಗಿದ ಮಗ್ಗಲು ಬಲಕ್ಕೆ, ಅಂದೆ.
ಅವನು ಬಗ್ಗಿ ಒಂದು ಕಣ್ಣು ಮುಚ್ಚಿದ.
ನಾನು ಪೆಟ್ಟಿಗೆ ತೆರೆದು ತಿರುಪು ಬಿಗಿದೆ.
ಅವತ್ತಿಗೆ ಆರನೇ ದಿನ.